ಸೊಪ್ಪಿನ ಬೆಟ್ಟದಲ್ಲಿ ಎರಡು ದಿನ: ಮೂರನೇ ಸುತ್ತು

ನಿನ್ನೆ ಬೆಳಿಗ್ಗೆ ವಾಪಸ್ ಬಂದೆ. ಶೂ ಇನ್ನೂ ಒಣಗಿಲ್ಲ. ಮರೆಯುವ ಮೊದಲು ಬರೆದಿಡುತ್ತೇನೆ.

ಹೊಸಬರಿಗೆ ಒಂದು ಮಾತು. ಬೆಂಗಳೂರಿನಿಂದ 10 ಜನರನ್ನು ಶಿರಸಿ ಹತ್ತಿರದ ಒಂದು ತೋಟದ ಮನೆಗೆ ಕರೆದುಕೊಂಡು ಹೋಗುತ್ತೇನೆ. ಎರಡು ದಿನ ಫೋನಿಲ್ಲದೆ ಕಾಡಿನ ಪಕ್ಕ ಇರುವುದು, ಅಷ್ಟೇ. ಖರ್ಚು ಎಲ್ಲರೂ ಹಂಚಿಕೊಳ್ಳುತ್ತೇವೆ.

ಮೊದಲ ಸುತ್ತಿನ ವೇಳಾಪಟ್ಟಿ ನೆನೆದರೆ ಈಗ ನಾಚಿಕೆ. ಸುಮಾರು 400 ಕಿ.ಮೀ. ರಾತ್ರಿ ಬಸ್ಸಿನಲ್ಲಿ ಬಂದವರನ್ನು ಬೆಳಿಗ್ಗೆ 7ಕ್ಕೇ ಧ್ಯಾನಕ್ಕೆ ಕೂರಿಸಿದ್ದೆ. ಅರ್ಧ ಜನ ಗೊರಕೆ. ಕಷಾಯ ತಂದ ಯಜಮಾನರು ನೋಡಿ, "ಇವರಿಗೆ ಮೊದಲು ಒಂದು ನಿದ್ದೆ ಕೊಡಿ ಮಾರಾಯ್ರೆ" ಎಂದರು. ಈ ಸಲ ಹಾಗೇ ಮಾಡಿದೆ. ತಿಂಡಿ, ನಿದ್ದೆ, ಮಧ್ಯಾಹ್ನ ಅಪ್ಪೆಹುಳಿ ಊಟ. ಮೊದಲ ದಿನದ ಕಾರ್ಯಕ್ರಮ ಮುಗಿದಿದ್ದೇ ಅಲ್ಲಿಗೆ!

ಜಾಗದ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ನಾವು ಕೂರುವುದು ತೋಟದ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ಬೆಟ್ಟ ಎಂಬುದು ಬ್ರಿಟಿಷರ ಕಾಲದ ಲೆಕ್ಕ. ಗೊಬ್ಬರಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ತೋಟದವರದ್ದು. ನಮಗೆ ಯಾವ ಹಕ್ಕೂ ಇಲ್ಲ. ಅದಕ್ಕೇ ಯಜಮಾನರು ಜೊತೆಗಿದ್ದರೆ ಮಾತ್ರ ಹತ್ತುತ್ತೇವೆ, ಬೆಂಕಿ ಹಾಕುವುದಿಲ್ಲ.

"ಬೇಸಿಗೆಯಲ್ಲಿ ಇಟ್ಕೊಳ್ಳಿ, ಮಳೆ ಕಾಟ ಇರಲ್ಲ" ಎಂಬ ಸಲಹೆ ಬರುತ್ತಲೇ ಇರುತ್ತದೆ. ಬೇಡ. ಮಂಗನ ಕಾಯಿಲೆ ಹೆಚ್ಚು ಕಾಣಿಸುವುದೇ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಇದನ್ನು ಮೊದಲು ಗುರುತಿಸಿದ ಕ್ಯಾಸನೂರು ಇರುವುದು ಪಕ್ಕದ ಸೊರಬ ತಾಲ್ಲೂಕಿನಲ್ಲೇ. ಹರಡುವುದು ಉಣುಗು, ಅಂದರೆ ಉಣ್ಣೆ ಹುಳ; ನಾವು ಕೂರುವುದು ದರಕಿನ ಮೇಲೆ. ಉಣುಗಿಗಿಂತ ಮಳೆಗಾಲದ ಉಂಬಳವೇ (ಜಿಗಣೆ) ವಾಸಿ. ಸ್ವಲ್ಪ ಸುಣ್ಣ ಮುಟ್ಟಿಸಿದರೆ ತಾನೇ ಉದುರುತ್ತದೆ. ಆಮೇಲೂ ರಕ್ತ ಸೋರುತ್ತಿದ್ದರೆ ಹೆದರಬೇಡಿ, ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಇದನ್ನು ಹೊರಡುವ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ಒಬ್ಬರು ಬಿಳಿ ಸಾಕ್ಸ್ ನೋಡಿಕೊಂಡು ಅತ್ತೇ ಬಿಟ್ಟರು. ತಪ್ಪು ನನ್ನದು.

ಎರಡನೇ ದಿನ ಒಂದೇ ಕೆಲಸ. ನಸುಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮರ, 40 ನಿಮಿಷ. ಒಬ್ಬರಿಗೊಬ್ಬರು ಕಾಣಬಾರದು, ಕೂಗಿದರೆ ಕೇಳಬೇಕು. ಈ ಅಂತರ ಸರಿ ಮಾಡಲು ಹಿಂದಿನ ಸಂಜೆ ಎರಡು ತಾಸು ಓಡಾಡಿದ್ದೇನೆ. ನಿರ್ದೇಶನ ಏನೂ ಕೊಡಲಿಲ್ಲ. ಹಳ್ಳದ ಕಡೆಯಿಂದ ಸಿಳ್ಳೆ ಹಕ್ಕಿ ಶುರುಮಾಡಿತು. ಕೆಲಸವಿಲ್ಲದ ಹುಡುಗ ರಾಗ ಮರೆತು ಸಿಳ್ಳೆ ಹೊಡೆದ ಹಾಗೆ, ಎತ್ತಲೋ ಹೋಗಿ ನಡುವೆ ನಿಂತುಬಿಡುತ್ತದೆ. ವಾಪಸ್ ಬಂದವರಲ್ಲಿ ಮೂವರು, "ಆ ಹುಡುಗನನ್ನ ಯಾಕೆ ಸುಮ್ಮನಿರಿಸಲಿಲ್ಲ?" ಎಂದು ಕೇಳಿದರು. ಹಕ್ಕಿ ಅಂದರೆ ಒಬ್ಬರು ನಂಬಲೇ ಇಲ್ಲ. ಊಟ ಬಿಟ್ಟು ಮತ್ತೆ ಹಳ್ಳಕ್ಕೆ ಹೋಗಿ ಕೂತರು.

ಸಂಜೆ ಅನುಭವ ಹಂಚಿಕೆಯ ಸುತ್ತು ಮಾತ್ರ ಎಳೆದಾಡಿತು. ಎಲ್ಲರೂ ಮಾತಾಡಲೇಬೇಕು ಅಂತ ಹಟ ಹಿಡಿದಿದ್ದೆ. ಮುಂದಿನ ಸಲ ಅದನ್ನು ತೆಗೆದು, ಅಡಿಕೆ ಹಾಳೆ ಸುಲಿಯುವ ಕೆಲಸಕ್ಕೆ ಎಲ್ಲರನ್ನೂ ಕೂರಿಸುವ ಯೋಚನೆ ಇದೆ. ಕೈಗೆ ಕೆಲಸ ಇದ್ದರೆ ಮಾತು ತಾನೇ ಬರುತ್ತದೆ, ಅಲ್ವಾ?

ನಾಲ್ಕನೇ ಸುತ್ತು ನವೆಂಬರ್ ಮೊದಲ ವಾರ, 8 ಜನ ಸಾಕು. ಸುಣ್ಣದ ಡಬ್ಬಿ ಇನ್ನೂ ನಾಲ್ಕು ತರಬೇಕು.