ಪೆಟ್ಟು ಬಿದ್ದು ಏಳು ವರ್ಷದ ಮೇಲಿನ ಒಂದು ಶಾಲಾ ದಿನ

ಐದನೇ ವಯಸ್ಸಿನಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದು ದಿನಗಟ್ಟಲೆ ಎಚ್ಚರವಿಲ್ಲದೆ ಮಲಗಿದ್ದ ಮಗು, ಹನ್ನೆರಡರ ಹೊತ್ತಿಗೆ ನಡೆಯುತ್ತದೆ, ಮಾತಾಡುತ್ತದೆ. ನೆಂಟರಿಷ್ಟರು ‘ಎಲ್ಲ ಸರಿಹೋಯ್ತಲ್ಲ’ ಅನ್ನುತ್ತಾರೆ. ಸರಿಹೋಗದೆ ಉಳಿದದ್ದು ಗೊತ್ತಾಗಬೇಕಾದರೆ ಬೆಳಿಗ್ಗೆಯಿಂದ ಜೊತೆಗಿರಬೇಕು.

ಎದ್ದ ಕೂಡಲೇ, ಪೆಟ್ಟಿನಿಂದ ಸೋತ ಕಾಲಿನ ಮೀನಖಂಡ ಬಿಗಿದಿರುತ್ತದೆ. ಮಂಡಿ ನೇರ ಇಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತಿ 30 ಸೆಕೆಂಡ್ ಹಾಗೇ ಹಿಡಿಯಬೇಕು. ಬರೀ ಬೆರಳು ಹಿಡಿದು ಬಗ್ಗಿಸಿದರೆ ಪಾದದ ನಡುಭಾಗ ಮಡಚುತ್ತದೆಯೇ ಹೊರತು ಮೀನಖಂಡ ಹಿಗ್ಗುವುದಿಲ್ಲ. ಜಗ್ಗಿದರಂತೂ ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಸುಕ್ಕಿಲ್ಲದ ಹತ್ತಿ ಕಾಲುಚೀಲ, ಅದರ ಮೇಲೆ ಸ್ಪ್ಲಿಂಟ್, ಅಂದರೆ ಪಾದ ಕಣಕಾಲನ್ನು ನೆಟ್ಟಗೆ ಹಿಡಿದಿಡುವ ಆಸರೆಪಟ್ಟಿ. ಹಿಮ್ಮಡಿ ತಳಕ್ಕೆ ಕೂತ ಮೇಲೆ ಮೊದಲು ಕಣಕಾಲಿನ ಪಟ್ಟಿ ಬಿಗಿಯಬೇಕು. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ಸ್ಪ್ಲಿಂಟ್ ಮಾಡಿಕೊಟ್ಟವರಿಗೆ ತೋರಿಸಬೇಕು. ಮಗು ಎತ್ತರವಾದಂತೆ ಎಲುಬು ಬೆಳೆಯುವಷ್ಟು ಬೇಗ ಬಿಗಿದ ಸ್ನಾಯು ಉದ್ದವಾಗುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದವರು ಈ ವಯಸ್ಸಿನಲ್ಲಿ ಮತ್ತೆ ತುದಿಗಾಲಿಗೆ ಬರುವುದು ಇದರಿಂದಲೇ. ಅಂಗಿ ತೊಡುವಾಗ ಸೋತ ಕೈ ಮೊದಲು, ಕಳಚುವಾಗ ಕೊನೆಗೆ. ಇದೊಂದು ರೂಢಿಯಾದರೆ ಮಗು ತಾನೇ ಹಾಕಿಕೊಳ್ಳುತ್ತದೆ.

ಫಿಟ್ಸ್ ಮಾತ್ರೆಯ ಹೊತ್ತು ತಪ್ಪಬಾರದು. ವರ್ಷಗಟ್ಟಲೆ ಫಿಟ್ಸ್ ಬಂದಿಲ್ಲವೆಂದು ಮನೆಯವರೇ ನಿಲ್ಲಿಸಲೂಬಾರದು. ಶಾಲೆಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಗಡಿಯಾರ ನೋಡಬೇಕು. ಕೈಗೆ ಕಬ್ಬಿಣ, ಬಾಯಿಗೆ ಚಮಚ, ನೀರು ಯಾವುದೂ ಬೇಡ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ.

ನಿಜವಾದ ಕಷ್ಟ ಶುರುವಾಗುವುದು ತರಗತಿಯಲ್ಲಿ. ಯೋಜಿಸುವುದು, ಒಂದು ಬಿಟ್ಟು ಇನ್ನೊಂದಕ್ಕೆ ಹೊರಳುವುದು, ಸಿಟ್ಟು ತಡೆಯುವುದು ಮಿದುಳಿನ ಮುಂಭಾಗದ ಕೆಲಸ. ಐದು ವರ್ಷದ ಮಗುವಿನಿಂದ ಇದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ, ಹಾಗಾಗಿ ಕೊರತೆ ಕಾಣುವುದಿಲ್ಲ. ಆರೇಳನೇ ತರಗತಿಗೆ ವಿಷಯಕ್ಕೊಬ್ಬ ಮೇಷ್ಟ್ರು, ವಿಷಯಕ್ಕೊಂದು ನೋಟ್‌ಬುಕ್ ಬಂದಾಗ ಮಗು ತಡವರಿಸುತ್ತದೆ. ‘ಸೋಮಾರಿ’ ಅನ್ನುವ ಮಾತು ಆಗ ಹುಟ್ಟುತ್ತದೆ. ಎಷ್ಟು ಅನ್ಯಾಯದ ಮಾತು ಅದು! ಒಂದು ಸಲಕ್ಕೆ ಒಂದೇ ಸೂಚನೆ, ಅದನ್ನೂ ಬರೆದು ಕೊಡಿ. ಗಣಿತ ಬೆಳಗಿನ ಪೀರಿಯಡ್‌ಗಿರಲಿ. ಕಾಲು ಹೆಚ್ಚು ಎಳೆದರೆ, ಮಾತು ತೊದಲಿದರೆ, ಸುಮ್ಮನೆ ರೇಗಿದರೆ ಮಿದುಳು ದಣಿದಿದೆ ಎಂದು ಅರ್ಥ; ಸದ್ದಿಲ್ಲದ ಕಡೆ ಹದಿನೈದು ನಿಮಿಷ ಕೂರಿಸಿ. ಮನೆಗೆ ಬಂದ ಕೂಡಲೇ ಟ್ಯೂಷನ್‌ಗೆ ಓಡಿಸಬೇಡಿ.

ಪರೀಕ್ಷೆಯ ಸವಲತ್ತಿಗೆ ಅಂಗವೈಕಲ್ಯ ಪ್ರಮಾಣಪತ್ರ ಮೊದಲೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಅಂಗವೈಕಲ್ಯದ 21 ಬಗೆಗಳಲ್ಲಿ ಮಿದುಳಿನ ಪೆಟ್ಟಿಗೆ ಬೇರೆ ಹೆಸರಿಲ್ಲ. ಆದ್ದರಿಂದ ಕೈಕಾಲಿನದು, ಬುದ್ಧಿಶಕ್ತಿಯದು, ಮಾತಿನದು ಎಂದು ಇರುವುದನ್ನೆಲ್ಲ ತಪಾಸಣೆ ಮಾಡಿಸಿ, ಒಂದಕ್ಕಿಂತ ಹೆಚ್ಚಿದ್ದರೆ ಬಹುವಿಧ ಅಂಗವೈಕಲ್ಯ ಎಂದೇ ನಮೂದಿಸಲು ಕೇಳಬೇಕು. ಕಾಲಿನ ವೈಕಲ್ಯವೊಂದನ್ನೇ ಅಳೆಸಿದರೆ ಹೆಚ್ಚಿನ ಸವಲತ್ತುಗಳಿಗೆ ಬೇಕಾದ 40 ಪ್ರತಿಶತ ಸಿಗದೆ ಹೋಗಬಹುದು. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಮೇಲಿನ ಮುಗಿಯುವ ದಿನಾಂಕವನ್ನು ಹತ್ತನೇ ತರಗತಿಗೆ ಕಾಲಿಡುವ ಮುಂಚೆಯೇ ನೋಡಿಕೊಳ್ಳಿ.