ಬಿಳಿ ಗೂಡು ಹಳದಿಯಾದ ಕಥೆ

ಎಂ.ಎ. ಪತ್ರಿಕೋದ್ಯಮದ ಕೊನೆಯ ಸೆಮಿಸ್ಟರ್‌ನಲ್ಲಿ ನಮಗೊಂದು ಪ್ರಾಜೆಕ್ಟ್ ಇತ್ತು. ವಿಷಯ ಒಂದೇ, ರೂಪ ನಾಲ್ಕು: ವಿಡಿಯೋ, ಫೋಟೋ ಸ್ಟೋರಿ, ಸಣ್ಣದೊಂದು ಆಡಿಯೋ, ಜೊತೆಗೆ ಬರಹ. ಎಲ್ಲವನ್ನೂ ಒಬ್ಬರೇ ಮಾಡಬೇಕು. ಕ್ಯಾಮೆರಾದವರು ಬೇರೆ, ರಿಪೋರ್ಟರ್ ಬೇರೆ ಅನ್ನೋ ಕಾಲ ಮುಗೀತು, ಕೆಲಸಕ್ಕೆ ಸೇರಿದರೆ ಒಂದು ಫೋನು, ಒಂದು ಮೈಕು ಕೈಗಿಟ್ಟು ಕಳಿಸ್ತಾರೆ ಅಂತ ನಮ್ಮ ಮೇಷ್ಟ್ರು ಆಗಾಗ ಹೇಳೋರು. ಗೆಳೆಯರೆಲ್ಲ ಬೆಂಗಳೂರಿನ ಕೆರೆ, ಟ್ರಾಫಿಕ್, ಪಿಜಿ ಊಟ ಅಂತ ಹಂಚಿಕೊಂಡರು. ನಾನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಅಂದೆ. ದೊಡ್ಡ ಯೋಚನೆಯೇನೂ ಇರಲಿಲ್ಲ. ಕನಕಪುರದ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಹುಳು ಸಾಕುತ್ತಿದ್ದರು. ರಜಕ್ಕೆ ಹೋದರೆ ಸೊಪ್ಪು ಹಾಕೋದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಗೆ, ಬಿಡೋದು ನಮ್ಮ ಕೆಲಸ. ಹಾಗಾಗಿ ಮಾತಾಡಿಸೋಕೆ ಸುಲಭ ಅನ್ನಿಸಿತು. ಕೆಂಗೇರಿಯಲ್ಲಿ ರೈಲು ಹತ್ತಿದರೆ ಬಿಡದಿ ದಾಟಿ ರಾಮನಗರ, ಖರ್ಚೂ ಕಡಿಮೆ.

ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ಅದಕ್ಕೆ ಹೆಸರು. ಒಳಗೆ ಹೋದ ತಕ್ಷಣ ಮೊದಲು ಹೊಡೆಯೋದು ವಾಸನೆ. ಹಸಿ ಗೂಡಿನ, ಒಳಗಿರುವ ಹುಳುವಿನ ವಾಸನೆ. ಅದನ್ನು ಯಾವ ಕ್ಯಾಮೆರಾದಲ್ಲಿ ಹಿಡಿಯೋದು? ಆಮೇಲೆ ಸದ್ದು. ಚೀಲದಿಂದ ತಟ್ಟೆಗೆ ಗೂಡು ಸುರಿದಾಗ ಗಲಗಲ ಅನ್ನುತ್ತೆ. ರೀಲರ್‌ಗಳು, ಅಂದರೆ ಗೂಡು ಬಿಚ್ಚಿ ನೂಲು ತೆಗೆಯುವವರು, ಸಾಲುಸಾಲು ತಟ್ಟೆಗಳ ನಡುವೆ ನಡೆಯುತ್ತಾ ಕೈ ಹಾಕಿ ಕಲಸುತ್ತಾರೆ. ಒಂದು ಹಿಡಿ ತೆಗೆದು ಅಮುಕಿ ನೋಡುತ್ತಾರೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಕಟಕಟ ಅನ್ನುತ್ತೆ.

ಆ ಕಟಕಟ ನನಗೆ ಬೇಕಿತ್ತು. ಆದರೆ ಫ್ಯಾನ್ ಸದ್ದು, ಮೈಕಿನಲ್ಲಿ ಕೂಗು, ಅಕ್ಕಪಕ್ಕದವರ ಮಾತು ಎಲ್ಲ ಸೇರಿ ಅದು ಮುಳುಗಿಹೋಗುತ್ತಿತ್ತು. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕನ್ನು ತಟ್ಟೆಯ ಅಂಚಿಗೆ ಸಿಕ್ಕಿಸಿದೆ, ಹೆಡ್‌ಫೋನ್ ಹಾಕಿ ಕೂತೆ. ಆಗ ಕೇಳಿಸಿತು ನೋಡಿ. ಬೆರಳು ಗೂಡಿನ ಮೇಲೆ ಹರಿದಾಡುವ ಸದ್ದು, ಉಗುರಿಗೆ ನೂಲಿನ ಎಳೆ ಸಿಕ್ಕಿ ಕಿತ್ತುಬರುವ ಸದ್ದು, ಕಟಕಟ. ಪಕ್ಕದಲ್ಲಿ ನಿಂತಿದ್ದ ಯಜಮಾನರು "ಏನವ್ವ, ಹುಳ ಏನಾದ್ರೂ ಮಾತಾಡ್ತದಾ?" ಅಂದರು. ಹೆಡ್‌ಫೋನ್ ತೆಗೆದು ಅವರ ಕಿವಿಗೆ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ತಮ್ಮ ಮಗನನ್ನೂ ಕರೆದು ಕೇಳಿಸಿದರು. ಇಂಟರ್ವ್ಯೂ ಕೇಳೋದೇ ಬೇಕಾಗಲಿಲ್ಲ, ಅವರೇ ಶುರು ಮಾಡಿದರು.

ಬೆಳಕಿನದು ಇನ್ನೊಂದು ತಲೆನೋವು. ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ಹಾಗೇ ವಿಡಿಯೋ ತೆಗೆದರೆ ಪಟ್ಟೆಪಟ್ಟೆ ಓಡುತ್ತೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ 1/50 ಮಾಡಿಕೊಂಡರೆ ಪಟ್ಟೆ ಹೋಗುತ್ತೆ. ಕ್ಲಾಸಿನಲ್ಲಿ ಇದನ್ನು ಬರೆದುಕೊಂಡಾಗ ಪರೀಕ್ಷೆಗೆ ಬೇಕು ಅಂತ ಬರೆದುಕೊಂಡಿದ್ದೆ ಅಷ್ಟೇ. ಬಣ್ಣ ಸರಿಯಾಗಿ ಬರಲಿ ಅಂತ ನೋಟ್‌ಬುಕ್ಕಿನ ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ ಕೂಡ ಕೈಯಾರೆ ಕೂರಿಸಿದೆ.

ಈಗ ಹರಾಜು ಮೊದಲಿನ ಹಾಗೆ ಕೂಗಿ ನಡೆಯೋದಿಲ್ಲ. ರೈತರಿಗೆ ಲಾಟ್ ನಂಬರ್ ಕೊಡುತ್ತಾರೆ, ರೀಲರ್‌ಗಳು ಗೂಡು ನೋಡಿ ಫೋನಿನಲ್ಲೇ ಬೆಲೆ ಹಾಕುತ್ತಾರೆ, ಜಾಸ್ತಿ ಹಾಕಿದವರ ದರ ನಿಲ್ಲುತ್ತೆ. ಒಪ್ಪಿಗೆ ಇಲ್ಲದಿದ್ದರೆ ರೈತರು ಬೇಡ ಅನ್ನಬಹುದು, ಇನ್ನೊಂದು ಸುತ್ತಿಗೆ ಕಾಯಬಹುದು. ಆ ಯಜಮಾನರ ಗೂಡಿಗೆ ಬಂದ ದರ ಅವರು ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಬೇಡ ಅಂದುಬಿಡಿ, ನಾಳೆ ನೋಡೋಣ ಅನ್ನಬಹುದಲ್ವಾ ಅಂತ ಕೇಳಿದೆ. ಉತ್ತರ ನನಗೆ ಗೊತ್ತಿತ್ತು, ಆದರೆ ಅದು ಅವರ ಬಾಯಿಂದಲೇ ಬರಬೇಕಿತ್ತು. "ಕಾಯಕ್ಕೆ ಇದೇನು ರಾಗಿನಾ ಕಣವ್ವ? ಒಳಗೆ ಜೀವ ಅದೆ. ಚಿಟ್ಟೆ ಒಡ್ಕೊಂಡು ಹೊರಕ್ಕೆ ಬಂದ್ರೆ ತೂತುಗೂಡು ಯಾರ್ ತಕತಾರೆ?" ಅಂದರು. ಹುಳು ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆ ಆಚೆ ಬರುತ್ತೆ, ಆಮೇಲೆ ಆ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬರೋದಿಲ್ಲ. ಒಂದು ಸುತ್ತು ಕಾಯಬಹುದು, ಜಾಸ್ತಿ ದಿನ ಆಗಲ್ಲ. ಬೇಡ ಅನ್ನೋ ಹಕ್ಕು ಕಾಗದದಲ್ಲಿದೆ, ಗಡಿಯಾರ ಮಾತ್ರ ಹುಳುವಿನ ಹೊಟ್ಟೆಯಲ್ಲಿದೆ. ನನ್ನ ಇಡೀ ಸ್ಟೋರಿ ಆ ಒಂದು ಬೈಟ್‌ನಲ್ಲಿ, ಅಂದರೆ ರೆಕಾರ್ಡ್ ಆದ ಅವರ ಆ ತುಣುಕು ಮಾತಿನಲ್ಲಿ, ಸಿಕ್ಕಿಬಿಟ್ಟಿತ್ತು.

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಮಾಡಿದವರಿಗೆಲ್ಲ ಗೊತ್ತಿರೋದೇ. ಕನ್ನಡದವರಿಗೆ ಮಾತ್ರ ಇರುವ ಒಂದು ಕಾಟ ಹೇಳಿಬಿಡ್ತೀನಿ. ಟೈಟಲ್ ಟೈಪ್ ಮಾಡಿದರೆ ತೆರೆಯ ಮೇಲೆ ಬಂದಿದ್ದು 'ಮಾರುಕಟ್‌ಟೆ'. ಒತ್ತಕ್ಷರವೆಲ್ಲ ಕಳಚಿಕೊಂಡು ಪಕ್ಕಕ್ಕೆ ಕೂತಿತ್ತು. ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಒತ್ತಬೇಕು ಅಂತ ಗೊತ್ತಾಗೋ ಹೊತ್ತಿಗೆ ನಡುರಾತ್ರಿ. ಇನ್ನು ಯಾರಾದರೂ ಹಳೇ ನುಡಿ ಫಾಂಟಿನಲ್ಲಿ ಬರೆದು ಕಳಿಸಿದ್ದನ್ನು ಯೂನಿಕೋಡ್ ಮಾಡದೆ ಅಂಟಿಸಿದಿರೋ, ಮುಗೀತು. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇದನ್ನು ಯಾಕೆ ಯಾವ ಸಿಲಬಸ್ಸಿನಲ್ಲೂ ಹಾಕೋದಿಲ್ಲವೋ ಕಾಣೆ.

ಪರೀಕ್ಷೆ ಮುಗಿದ ಮೇಲೆ ಒಂದು ಕನ್ನಡ ಡಿಜಿಟಲ್ ಸುದ್ದಿ ಸಂಸ್ಥೆಯಲ್ಲಿ ಇಂಟರ್ನ್ ಆದೆ. ಪ್ರಾಜೆಕ್ಟ್ ತೋರಿಸಿದಾಗ ಡೆಸ್ಕಿನಲ್ಲಿದ್ದ ಮೇಡಂ ಪೂರ್ತಿ ನೋಡಿದರು. ಮೊದಲ ಪ್ರಶ್ನೆ, "ಈ ದರ ನಿಮಗೆ ಹೇಳಿದ್ದು ಯಾರು? ರೈತರಾ, ಮಾರುಕಟ್ಟೆ ಕಚೇರಿಯಾ?" ಎರಡೂ ಕಡೆ ಕೇಳಿದ್ದೆ, ದರದ ಬೋರ್ಡಿನ ಫೋಟೋ ಇತ್ತು, ತೋರಿಸಿದೆ. "ಸರಿ, ತೊಂಬತ್ತು ಸೆಕೆಂಡಿಗೆ ಇಳಿಸಿ. ಉದ್ದ ಫ್ರೇಮ್" ಅಂದರು. ಮೊಬೈಲಿನಲ್ಲಿ ನೋಡುವವರಿಗೆ ನಿಂತ ಫ್ರೇಮ್ ಬೇಕು. ಅಡ್ಡ ತೆಗೆದಿದ್ದ ಅಗಲವಾದ ಶಾಟ್‌ಗಳೆಲ್ಲ ಹೋದವು. ಮಾರುಕಟ್ಟೆಯ ಇತಿಹಾಸ, ನನ್ನ ದನಿಯಲ್ಲಿದ್ದ ಕಾಮೆಂಟರಿ, ನಾನು ಕ್ಯಾಮೆರಾ ಮುಂದೆ ನಿಂತು ಮಾತಾಡಿದ್ದು, ಎಲ್ಲಕ್ಕೂ ಕತ್ತರಿ. ಉಳಿದಿದ್ದು ಕಟಕಟ ಸದ್ದು, ಬೆರಳು, ದರ ನೋಡುತ್ತಿರುವ ಯಜಮಾನರ ಮುಖ, ಆ ಬೈಟ್. ನಿಜ ಹೇಳಬೇಕಂದ್ರೆ ಹಾಗೇ ಚೆನ್ನಾಗಿತ್ತು.

ಆಮೇಲೆ ವಿಡಿಯೋ ಎಡಿಟರ್ ಅಣ್ಣ ಅದಕ್ಕೊಂದು ಲುಕ್ ಕೊಟ್ಟರು. ಹಳ್ಳಿ ಸ್ಟೋರಿ ಅಂದರೆ ಅವರ ಹತ್ತಿರ ಒಂದು ರೆಡಿ ಬಣ್ಣ ಇತ್ತು, ಸಂಜೆ ಬಿಸಿಲಿನ ಹಾಗೆ ಎಲ್ಲ ಹೊಂಬಣ್ಣ. ನೋಡೋಕೆ ಚೆಂದವೇ. ಆದರೆ ತಟ್ಟೆಯಲ್ಲಿದ್ದ ಬಿಳಿ ಗೂಡೆಲ್ಲ ಹಳದಿಯಾಗಿಬಿಟ್ಟಿತ್ತು.

"ಅಣ್ಣ, ಇದು ಆಗಲ್ಲ" ಅಂದೆ.

"ಯಾಕೆ? ಎಷ್ಟು ರಿಚ್ ಆಗಿ ಬಂದಿದೆ ನೋಡು."

"ಹಳದಿ ಗೂಡು ಅಂದ್ರೆ ಮಿಶ್ರತಳಿ. ಇವರದು ಬೈವೋಲ್ಟೀನ್, ದ್ವಿತಳಿ. ಅದು ಬಿಳೀನೇ ಇರುತ್ತೆ. ಎರಡಕ್ಕೂ ದರ ಬೇರೆ ಬೇರೆ."

ಅವರು ನಕ್ಕರು. ಯಾರು ಅಷ್ಟೆಲ್ಲ ನೋಡ್ತಾರೆ ಅಂದರು. ನಾನು ಇಂಟರ್ನ್, ಅವರು ವರ್ಷಗಟ್ಟಲೆ ಕೂತು ಕೆಲಸ ಮಾಡಿದವರು. ಸುಮ್ನೆ ಇದ್ದುಬಿಡಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದಿದ್ದು ಅಜ್ಜಿ. ಈ ವಿಡಿಯೋ ನೋಡಿದರೆ ಅಜ್ಜಿ ಮೊದಲ ಸೆಕೆಂಡಿಗೇ "ಮಿಶ್ರತಳಿಗೆ ಇಷ್ಟು ದರ ಎಲ್ಲಿ ಕೊಡ್ತಾರೆ, ಸುಳ್ಳು" ಅಂತ ಎದ್ದು ಹೋಗುತ್ತಿದ್ದರು. ಗೂಡು ಹಳದಿ ಕಂಡರೆ, ನಾವು ತೋರಿಸುವ ದರ ತಪ್ಪು ಅನ್ನಿಸುತ್ತೆ. ದರ ತಪ್ಪು ಅನ್ನಿಸಿದರೆ ಉಳಿದಿದ್ದನ್ನು ಯಾಕೆ ನಂಬಬೇಕು? ಹಾಗಂತಲೇ ಹೇಳಿದೆ. ಮಿಶ್ರತಳಿ, ದ್ವಿತಳಿ ಎರಡರ ಫೋಟೋನೂ ನನ್ನ ಫೋಲ್ಡರಿನಲ್ಲಿತ್ತು, ಪಕ್ಕಪಕ್ಕ ಇಟ್ಟು ತೋರಿಸಿದೆ. ಮೇಡಂ ಕುರ್ಚಿ ತಿರುಗಿಸಿ ಬಂದು ನೋಡಿದರು. "ತೆಗಿರಿ ಆ ಬಣ್ಣ" ಅಂದರು, ಅಷ್ಟೇ. ಅಣ್ಣ ಗೊಣಗಿಕೊಂಡೇ ತೆಗೆದರು. ವಿಡಿಯೋ ಬಿಳಿಬಿಳಿಯಾಗಿ, ಸ್ವಲ್ಪ ಸಪ್ಪೆಯಾಗಿಯೇ ಹೋಯಿತು. ಕೆಳಗೆ ನನ್ನ ಹೆಸರಿತ್ತು.

ಯಜಮಾನರಿಗೆ ಲಿಂಕ್ ಕಳಿಸಿದ್ದೆ. ಸಂಜೆ ಮಗನ ಫೋನಿನಿಂದ ಮಾತಾಡಿದರು. "ಚೆನ್ನಾಗದೆ ಕಣವ್ವ. ನಮ್ ಲಾಟ್ ನಂಬರ್ ಒಂದು ತೋರ್ಸಿದ್ರೆ ಆಗಿತ್ತು" ಅಂದರು.

ಇಂಟರ್ನ್‌ಶಿಪ್ ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕಿತು. ಎಡಿಟರ್ ಅಣ್ಣ ಇವತ್ತಿಗೂ ಹಳ್ಳಿ ಸ್ಟೋರಿಗೆ ಆ ಹೊಂಬಣ್ಣ ಹಾಕೋದು ಬಿಟ್ಟಿಲ್ಲ. ಆದರೆ ರೆಂಡರ್‌ಗೆ ಕೊಡುವ ಮೊದಲು ಕೂತಲ್ಲಿಂದಲೇ ಕೂಗುತ್ತಾರೆ: "ಲೇ, ಬಾ ಇಲ್ಲಿ. ಈ ಬಾಳೆಗೊನೆ ಹಸಿರು ಇರಬೇಕಾ, ಹಳದಿ ಇರಬೇಕಾ? ಪಚ್ಚಬಾಳೆ ಅಂತೆ." ಹಣ್ಣಾದ್ರೂ ಹಸಿರೇ ಇರುತ್ತೆ ಅಣ್ಣ, ಮುಟ್ಟಬೇಡಿ ಅಂತೀನಿ.