ಸಪ್ಲೈ ಚೈನ್‌ನಲ್ಲಿ ಈಗ ಯಾವ ಟಾಪಿಕ್ ತಗೋಬೇಕು, ಮೇಡಂ?

ಮೈಸೂರಿನಲ್ಲಿ ಎಂಬಿಎ ಮಕ್ಕಳಿಗೆ ಪಾಠ ಮಾಡುವ ನನಗೆ ವರ್ಷವಿಡೀ ಬರುವ ಪ್ರಶ್ನೆ ಇದು. ಸಪ್ಲೈ ಚೈನ್ ಅಂದರೆ ಸರಕು ಹುಟ್ಟಿದ ಜಾಗದಿಂದ ಬಳಸುವವರ ಕೈ ಸೇರುವವರೆಗಿನ ಸರಪಳಿ. ಪ್ರಾಜೆಕ್ಟ್ ಮಾಡುವವರೂ ಕೇಳುತ್ತಾರೆ, ಪಿಎಚ್‌ಡಿಗೆ ಸೇರಬೇಕು ಅನ್ನುವವರೂ ಕೇಳುತ್ತಾರೆ. ಅರ್ಧ ಜನ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ: "ಬ್ಲಾಕ್‌ಚೈನ್ ತಗೊಳ್ಳಲಾ? ಎಐ ತಗೊಳ್ಳಲಾ?"

ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಅವು ಸಲಕರಣೆಗಳು: ಬ್ಲಾಕ್‌ಚೈನ್ ಅಂದರೆ ಒಮ್ಮೆ ಬರೆದದ್ದನ್ನು ಆಮೇಲೆ ಸುಲಭವಾಗಿ ತಿದ್ದಲಾಗದ ಡಿಜಿಟಲ್ ಲೆಕ್ಕದ ಪುಸ್ತಕ, ಎಐ ಅಂದರೆ ಕೃತಕ ಬುದ್ಧಿಮತ್ತೆ. ಅದಕ್ಕೆ ಮೊದಲು ಒಂದು ಪ್ರಶ್ನೆ ಬೇಕು. ಸರಕು ಎಲ್ಲಿ ಕಾಯುತ್ತಾ ನಿಂತಿದೆ ನೋಡಿ. ಆ ಕಾಯುವುದರ ಖರ್ಚು ಯಾರ ತಲೆಗೆ ಬೀಳುತ್ತಿದೆ ಅಂತ ಕೇಳಿ. ಈ ಕ್ಷೇತ್ರದಲ್ಲಿ ಈಗ ಜೋರಾಗಿ ಕೆಲಸ ನಡೆಯುತ್ತಿರುವ ವಿಷಯಗಳು ಬಹುಪಾಲು ಅಲ್ಲೇ ಸಿಗುತ್ತವೆ.

ಮಂಡ್ಯದ ಕಬ್ಬನ್ನೇ ನೋಡಿ. ಕಡಿದ ಕಬ್ಬು ಇದ್ದ ಹಾಗೇ ಇರುವುದಿಲ್ಲ. ನೀರಿನಂಶ ಆರಿ ತೂಕ ಇಳಿಯುತ್ತದೆ. ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಹರಳು ಕಟ್ಟುವುದಿಲ್ಲ, ಸಕ್ಕರೆ ಲೆಕ್ಕದಲ್ಲಿ ಹೋದ ಹಾಗೆಯೇ. ಬಿಸಿಲು ಜಾಸ್ತಿ ಇದ್ದರೆ ಇನ್ನೂ ಬೇಗ. ಈಗ ಫ್ಯಾಕ್ಟರಿ ಗೇಟಿನ ಹೊರಗೆ ನಿಂತ ಟ್ರ್ಯಾಕ್ಟರ್, ಲಾರಿ, ಎತ್ತಿನಗಾಡಿಗಳ ಸಾಲು ನೋಡಿ. ಗಾಡಿಯನ್ನು ತೂಗುವ ವೇಬ್ರಿಡ್ಜ್ ಹತ್ತುವವರೆಗೆ ಆರಿದ ತೂಕವೆಲ್ಲ ರೈತನ ನಷ್ಟ. ಅಲ್ಲಿಂದ ಮುಂದೆ ಯಾರ್ಡಿನಲ್ಲಿ ಒಣಗಿದರೆ ಫ್ಯಾಕ್ಟರಿಯ ನಷ್ಟ. ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ರೈತನಿಗೆ ಕನಿಷ್ಠ ಇಷ್ಟು ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ಗೊತ್ತುಮಾಡುವ ದರ, ಇಡೀ ಫ್ಯಾಕ್ಟರಿಯ ಸರಾಸರಿ ಸಕ್ಕರೆ ಇಳುವರಿಗೆ ಕಟ್ಟಿದ್ದು. ಹಾಗಾಗಿ ಬೆಳಿಗ್ಗೆ ಕಡಿದು ಸಂಜೆಗೆ ತಂದವನಿಗೂ ಎರಡು ದಿನ ಬಿಟ್ಟು ತಂದವನಿಗೂ ಟನ್ನಿಗೆ ಒಂದೇ ರೇಟು. ತಾಜಾ ಕಬ್ಬಿನ ಲಾಭವನ್ನು ರೈತನೂ ಫ್ಯಾಕ್ಟರಿಯೂ ಹೇಗೆ ಹಂಚಿಕೊಳ್ಳಬೇಕು? ಇದೊಂದನ್ನೇ ಹಿಡಿದು ಒಂದು ಪಿಎಚ್‌ಡಿ ಮುಗಿಸಬಹುದು.

ಕಟಾವಿಗೆ ಯಾರಿಗೆ ಯಾವತ್ತು ಅನುಮತಿ ಕೊಡಬೇಕು, ಕಡಿಯುವ ಆಳುಗಳು ಯಾವ ಊರಿಗೆ ಹೋಗಬೇಕು, ಗಾಡಿ ಎಷ್ಟು ಹೊತ್ತಿಗೆ ಗೇಟಿಗೆ ಬರಬೇಕು, ಇದೆಲ್ಲ ಗಣಿತದ ಲೆಕ್ಕ. ಬ್ರೆಜಿಲ್, ಆಸ್ಟ್ರೇಲಿಯಾದ ಕಬ್ಬಿನ ಮೇಲೆ ಇಂಥ ಕೆಲಸ ಬೇಕಾದಷ್ಟು ಆಗಿದೆ. ಅದನ್ನು ತಂದು ಇಲ್ಲಿ ಹಾಗೇ ಕೂರಿಸಲು ಆಗುವುದಿಲ್ಲ. ಅಲ್ಲಿ ದೊಡ್ಡ ಹೊಲ, ಯಂತ್ರದ ಕಟಾವು. ಇಲ್ಲಿ ಒಂದೆಕರೆ, ಅರ್ಧ ಎಕರೆ, ಜೊತೆಗೆ ಪಕ್ಕದಲ್ಲೇ ಆಲೆಮನೆ. ಅನುಮತಿ ತಡವಾದರೆ ರೈತ ಎಷ್ಟು ದಿನ ಅಂತ ಕಾಯುತ್ತಾನೆ? ಫ್ಯಾಕ್ಟರಿಯ ಲೆಕ್ಕದಲ್ಲಿ ಇನ್ನೂ ಗದ್ದೆಯಲ್ಲಿರುವ ಕಬ್ಬು ಅಷ್ಟರಲ್ಲಿ ಬೆಲ್ಲವಾಗಿರುತ್ತದೆ! ನಾಳೆ ನಿಜವಾಗಿ ಎಷ್ಟು ಟನ್ ಬರುತ್ತದೆ ಅಂತ ಊಹಿಸಲು ಎಐ ಬಳಸಿ, ನನ್ನದೇನೂ ತಕರಾರಿಲ್ಲ.

ಕಾಯುವುದು ಸರಕು ಮಾತ್ರ ಅಲ್ಲ, ದುಡ್ಡೂ ಕಾಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಸಣ್ಣ ಕೈಗಾರಿಕೆಗಳ ಬಿಲ್ಲಿಗೆ 2006ರ ಕಾಯ್ದೆ ಹೆಚ್ಚೆಂದರೆ 45 ದಿನ ಅನ್ನುತ್ತದೆ. ನಮ್ಮ ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯಲ್ಲಿ ಬಿಡಿಭಾಗ ಮಾಡುವ ಯಾವುದಾದರೂ ಸಣ್ಣ ಯೂನಿಟ್‌ಗೆ ಹೋಗಿ, ಬಿಲ್ ಪಾಸಾಗಲು ಎಷ್ಟು ದಿನ ಹಿಡಿಯುತ್ತದೆ ಅಂತ ಮಾಲೀಕರನ್ನು ಕೇಳಿ. ಟೀ ತರಿಸಿ ಕೂರಿಸಿಕೊಂಡು ಹೇಳುತ್ತಾರೆ. ಸಪ್ಲೈ ಚೈನ್ ಫೈನಾನ್ಸ್ ಅನ್ನುವ ಹೊಸ ಶಾಖೆ ಇದರ ಸುತ್ತಲೇ ಬೆಳೆದಿದೆ.

ಇನ್ನು ಆಘಾತ ತಾಳಿಕೊಳ್ಳುವ ವಿಷಯ. 2020ರ ನಂತರ ಎಲ್ಲರ ಬಾಯಲ್ಲೂ ಇದೇ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಬಿದ್ದು ಆರು ದಿನ ದಾರಿ ಬಂದ್ ಆಗಿತ್ತಲ್ಲ, ಅದು ಈಗ ಪ್ರತಿ ಪ್ರಬಂಧದ ಮೊದಲ ಪ್ಯಾರಾ. ನಿಜವಾದ ಕೆಲಸ ಅದಕ್ಕೂ ಹಿಂದಿನದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವಿಡ್ ಸಿಮ್ಚಿ-ಲೆವಿ ಫೋರ್ಡ್ ಕಂಪನಿಯ ಜೊತೆ ಸೇರಿ ಎರಡು ಸರಳ ಅಳತೆ ಕೊಟ್ಟರು: ಒಬ್ಬ ಸಪ್ಲೈಯರ್ ನಿಂತುಹೋದರೆ ಮತ್ತೆ ಸರಿಹೋಗಲು ಎಷ್ಟು ದಿನ ಬೇಕು, ಅಲ್ಲಿಯವರೆಗೆ ನಾವು ಎಷ್ಟು ದಿನ ನಡೆಸಬಹುದು. ಎರಡನೆಯದು ಮೊದಲನೆಯದಕ್ಕಿಂತ ಕಮ್ಮಿ ಇದ್ದರೆ ಕಷ್ಟ, ಅಷ್ಟೇ. ಟೊಯೋಟಾ ಜಪಾನಿನ 2011ರ ಭೂಕಂಪದಿಂದ ಪಾಠ ಕಲಿತು ಸಪ್ಲೈಯರ್‌ಗಳ ಹತ್ತಿರ ಚಿಪ್ ದಾಸ್ತಾನು ಇಡಿಸಿದ್ದರಿಂದ 2021ರ ಚಿಪ್ ಬರದಲ್ಲಿ ಬೇರೆ ಕಂಪನಿಗಳಿಗಿಂತ ಜಾಸ್ತಿ ದಿನ ತಾಳಿಕೊಂಡಿತು. ಹಾಗಾದರೆ ಆ ದಾಸ್ತಾನಿನ ಖರ್ಚು ಯಾರದು? ನೋಡಿ, ಅದೇ ಪ್ರಶ್ನೆ.

ಬ್ಲಾಕ್‌ಚೈನ್ ಬಿಡಲ್ಲ ಅನ್ನುವವರಿಗೆ ಕೊಡಗಿನ ಕಾಫಿ ತೋರಿಸುತ್ತೇನೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಬೆಳೆದ ಜಾಗವನ್ನು ಮ್ಯಾಪಿನಲ್ಲಿ ಗುರುತಿಸಿ ಕೊಡಬೇಕು. ಜಾರಿ ಮುಂದಕ್ಕೆ ಹೋಗಿದೆ, ಕಾನೂನು ಹೋಗಿಲ್ಲ. ಸಣ್ಣ ಬೆಳೆಗಾರರ ಮೂಟೆಗಳು ವ್ಯಾಪಾರಿಯ ಗೋಡೌನ್‌ನಲ್ಲೇ ಒಂದಾಗುತ್ತವೆ. ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್‌ಗೆ ಬರುವ ಹೊತ್ತಿಗೆ ಯಾವ ಬೀಜ ಯಾರ ತೋಟದ್ದು? ಮೇಲಿನಿಂದ ಸ್ಯಾಟಲೈಟ್‌ನಲ್ಲಿ ನೋಡಿದರೆ ಮರದ ನೆರಳಿನ ತೋಟವೂ ಕಾಡೂ ಎರಡೂ ಹಸಿರೇ. ಮೊದಲ ಎಂಟ್ರಿಯೇ ಸುಳ್ಳಾದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಕಾಪಾಡುತ್ತದೆ. ಜೊತೆಗೆ ಮ್ಯಾಪ್ ಮಾಡಿಸುವ ಖರ್ಚು ಯುರೋಪಿನವರು ಕೊಡುತ್ತಾರೋ, ಎರಡೆಕರೆ ಬೆಳೆಗಾರ ಕೊಡುತ್ತಾನೋ?

"ಡೇಟಾ ಎಲ್ಲಿಂದ ತರೋದು ಮೇಡಂ?" ಅನ್ನುವುದು ಮುಂದಿನ ಪ್ರಶ್ನೆ. ಗೂಗಲ್ ಫಾರ್ಮ್ ಮಾಡಿ ಗೆಳೆಯರ ಗ್ರೂಪಿಗೆಲ್ಲ ಕಳಿಸಿ "ಒಂದರಿಂದ ಐದರೊಳಗೆ ಟಿಕ್ ಮಾಡಿ" ಅನ್ನುವುದು ನನಗೆ ಇಷ್ಟವಿಲ್ಲ. ಹಂಗಾಮು ಶುರುವಾದ ಮೇಲೆ ಫ್ಯಾಕ್ಟರಿಯಿಂದ ಅನುಮತಿ ತಗೊಂಡು ಗೇಟಿನ ಹತ್ತಿರ ನಿಲ್ಲಿ. ಯಾವಾಗ ಕಡಿದಿದ್ದು ಅಂತ ಗಾಡಿಯವರನ್ನು ಕೇಳಿ ಬರೆದುಕೊಳ್ಳಿ. ಸಮಯಕ್ಕೂ ತೂಕಕ್ಕೂ ವೇಬ್ರಿಡ್ಜ್ ಚೀಟಿ ನೋಡಿ. ಆಲೆಮನೆಗೂ ಒಂದು ಸುತ್ತು ಹೋಗಿ ಬನ್ನಿ, ಫ್ಯಾಕ್ಟರಿಗೆ ಹೋಗಬೇಕಿದ್ದ ಕಬ್ಬು ಅಲ್ಲಿಗೆ ಯಾಕೆ ಬಂತು ಅಂತ ಅವರೇ ಹೇಳುತ್ತಾರೆ. ಇಷ್ಟು ತಂದರೆ ಟಾಪಿಕ್‌ಗೆ ಹೆಸರಿಡುವ ಕೆಲಸ ನನಗೆ ಬಿಡಿ.